ಪಾಠದೊಳಗೆ ಕಂಪ್ಯೂಟರ್: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾವೇರಿ ಜಿಲ್ಲೆಯ ಹೈಸ್ಕೂಲುಗಳಲ್ಲಿ ನಾನು ಬಹಳ ವರ್ಷ ಗಣಿತ ಕಲಿಸಿದೆ. ಈಗ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಶಿಕ್ಷಕರ ಜೊತೆ ಕೂತು, ತರಗತಿಯಲ್ಲಿ ಕಂಪ್ಯೂಟರ್ ಬಳಸುವ ಕೆಲಸದಲ್ಲಿದ್ದೇನೆ. ಕೆಳಗಿನ ಪ್ರಶ್ನೆಗಳು ತರಬೇತಿಯ ಚಹಾ ವಿರಾಮದಲ್ಲಿ, ಬಸ್ಸಿನಲ್ಲಿ, ಪತ್ರಗಳಲ್ಲಿ, ರಾತ್ರಿ ಊಟದ ಹೊತ್ತಿಗೆ ಬರುವ ಫೋನುಗಳಲ್ಲಿ ಮತ್ತೆ ಮತ್ತೆ ಬಂದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನಿಂದ ಓದಬೇಕು ಅಂತೇನಿಲ್ಲ. ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ.

## ಮೊದಲ ಹೆಜ್ಜೆ

ನನಗ ಮೌಸ್ ಹಿಡಿಯಾಕೂ ಬರಂಗಿಲ್ಲ. 52 ವರ್ಷ ಆತು. ಈಗ ಕಲಿಯಾಕ ಆಗತೈತೇನ್ರೀ?

ಆಗುತ್ತದೆ. 52 ವರ್ಷ ಅನ್ನುವುದನ್ನು ಬಿಡಿ, ನೀವು 25 ವರ್ಷ ಪಾಠ ಮಾಡಿದವರು. ಮಗು ಯಾವ ಲೆಕ್ಕದಲ್ಲಿ ಎಡವುತ್ತದೆ, ಯಾವ ಪದ್ಯಕ್ಕೆ ಆಕಳಿಸುತ್ತದೆ ಅನ್ನುವುದು ನಿಮಗೆ ಗೊತ್ತು. ಅದನ್ನು ಯಾವ ತರಬೇತಿಯಲ್ಲೂ ನಾಲ್ಕು ದಿನದಲ್ಲಿ ಕಲಿಸಲು ಆಗುವುದಿಲ್ಲ. ಮೌಸ್ ಹಿಡಿಯುವುದು ಬರೀ ಕೈಯ ರೂಢಿ.

ಬೆಳಿಗ್ಗೆ ಪ್ರಾರ್ಥನೆಗೆ ಮೊದಲು 20 ನಿಮಿಷ ಕೂತುಕೊಳ್ಳಿ. ಟಕ್ಸ್ ಪೇಂಟ್ ಅನ್ನುವ ಉಚಿತ ಚಿತ್ರದ ತಂತ್ರಾಂಶವಿದೆ, ಕನ್ನಡದಲ್ಲೂ ಓಡುತ್ತದೆ. ಅದರಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕಿ. ಅಳಿಸಿ, ಮತ್ತೆ ಹಾಕಿ. ಒಂದು ವಾರದಲ್ಲಿ ಕೈ ನಡುಗುವುದು ನಿಲ್ಲುತ್ತದೆ. ಪಕ್ಕದವರಿಗೆ ಮಾತ್ರ ಮೊದಲೇ ಹೇಳಿಡಿ: ಸಹಾಯ ಮಾಡುವಾಗ ಬಾಯಲ್ಲಿ ಹೇಳಬೇಕು, ಮೌಸ್ ಕಸಿದುಕೊಳ್ಳಬಾರದು. ನಾನು ನೋಡಿದಂತೆ, ಕಲಿಯಲಾರೆ ಅಂತ ಕೈಬಿಟ್ಟವರಲ್ಲಿ ಬಹಳ ಜನರ ಕೈಯಿಂದ ಯಾರೋ ಒಬ್ಬರು ಅವಸರಕ್ಕೆ ಮೌಸ್ ಕಸಿದುಕೊಂಡಿದ್ದರು.

ಕಂಪ್ಯೂಟರ್ ಅಂದರೆ ನಮಗೆ ಎಂಟ್ರಿ ಕೆಲಸ. ಅದೇ ಸಾಕಾಗಿದೆ, ಪಾಠಕ್ಕೂ ಅದೇ ಬೇಕಾ?

ಈ ಬೇಸರ ನಿಜವಾದದ್ದು. ಮಕ್ಕಳ ದಾಖಲೆಯ ಸ್ಯಾಟ್ಸ್, ಶಾಲೆಯ ಮಾಹಿತಿಯ ಯುಡೈಸ್, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನ, ಎಲ್ಲವನ್ನೂ ಕಂಪ್ಯೂಟರಿನಲ್ಲೇ ತುಂಬಬೇಕು. ಇಡೀ ದಿನ ಅಂಕಿ ತುಂಬಿದ ಮೇಲೆ ಅದೇ ಪರದೆಯ ಮುಂದೆ ಪಾಠಕ್ಕಾಗಿ ಕೂರಲು ಯಾರಿಗೆ ಮನಸ್ಸು ಬರುತ್ತದೆ? ಅದಕ್ಕೇ ತರಬೇತಿಯಲ್ಲಿ ನಾನು ಈ ಎರಡನ್ನೂ ಒಂದೇ ದಿನ ಇಡುವುದಿಲ್ಲ. ಎಂಟ್ರಿ ಕೆಲಸ ಇಲಾಖೆಗೆ ಬೇಕಾದದ್ದು, ಪಾಠದ ಕೆಲಸ ನಿಮ್ಮ ಎದುರಿನ ಮಗುವಿಗೆ ಬೇಕಾದದ್ದು. ಎರಡನೆಯದರ ರುಚಿ ಒಮ್ಮೆ ಸಿಕ್ಕವರು ಮೊದಲನೆಯದನ್ನೂ ಬೇಗ ಮುಗಿಸಿ ಏಳುವುದನ್ನು ನಾನು ನೋಡಿದ್ದೇನೆ.

ಕನ್ನಡ ಟೈಪಿಂಗ್ ಎಲ್ಲಿಂದ ಶುರು ಮಾಡಲಿ?

ಗದಗದಿಂದ. ನಿಜವಾಗಿಯೂ! ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬಳಸುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ‘ಗದಗ’ ಬರೆಯಲು ಮೂರೇ ಕೀಲಿ ಸಾಕು: ಜಿ, ಡಿ, ಜಿ. ಕಾಗುಣಿತವಿಲ್ಲ, ಒತ್ತಕ್ಷರವಿಲ್ಲ. ಮೊದಲ ಸಲ ಕನ್ನಡ ಟೈಪ್ ಮಾಡುವವರು ಐದು ಸೆಕೆಂಡಿನಲ್ಲಿ ಒಂದು ಊರಿನ ಹೆಸರು ಬರೆದುಬಿಡುತ್ತಾರೆ. ಆ ಮುಖ ನೋಡಬೇಕು.

ಆಮೇಲೆ ‘ಹಾವೇರಿ’. ಇಲ್ಲಿ ದೀರ್ಘ ಬರುತ್ತದೆ. ಶಿಫ್ಟ್ ಹಿಡಿದು ಎ ಒತ್ತಿದರೆ ಆಕಾರ, ಶಿಫ್ಟ್ ಹಿಡಿದು ಇ ಒತ್ತಿದರೆ ಏಕಾರ. ಮೂರನೆಯದು ‘ಧಾರವಾಡ’. ಶಿಫ್ಟ್ ಜೊತೆ ಡಿ ಒತ್ತಿದರೆ ಧ, ಕೊನೆಯ ಡ ಮಾತ್ರ ಡಬ್ಲ್ಯು ಕೀಲಿಯಲ್ಲಿದೆ. ಇದನ್ನು ಎಲ್ಲರೂ ಒಮ್ಮೆ ತಪ್ಪುತ್ತಾರೆ. ‘ಹುಬ್ಬಳ್ಳಿ’ ಕೊನೆಗೆ, ಏಕೆಂದರೆ ಅದರಲ್ಲಿ ಎರಡು ಒತ್ತು. ಎಫ್ ಕೀಲಿ ಅರ್ಧಾಕ್ಷರ ಮಾಡುತ್ತದೆ. ಬಿ, ಎಫ್, ಬಿ ಒತ್ತಿದರೆ ‘ಬ್ಬ’. ನಾಲ್ಕು ಊರು ಮುಗಿಯುವಷ್ಟರಲ್ಲಿ ವಿನ್ಯಾಸದ ಗುಟ್ಟೆಲ್ಲ ಕೈಗೆ ಬಂದಿರುತ್ತದೆ. ನಿಮ್ಮ ಯಂತ್ರದಲ್ಲಿ ವಿಂಡೋಸ್ ಬದಲು ಉಬುಂಟು ಇದ್ದರೆ ಇದೇ ವಿನ್ಯಾಸ ಕಗಪ ಅನ್ನುವ ಹೆಸರಿನಲ್ಲಿ ಸಿಗುತ್ತದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ.

ಮನ್ಯಾಗ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಸಾಲ್ಯಾಗ ತೆಗೆದ್ರ ಬರೇ ಇಂಗ್ಲಿಷ್ ಅಕ್ಷರ ಕಾಣಸ್ತಾವ. ಯಾಕ್ರೀ?

ನೀವು ಹಳೆಯ ರೀತಿಯ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತವೆ. ಕಡತದ ಒಳಗೆ ಇರುವುದು ಇಂಗ್ಲಿಷ್ ಅಕ್ಷರವೇ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಬೀಳುತ್ತದೆ, ಅಷ್ಟೇ. ಯುನಿಕೋಡ್ ಹಾಗಲ್ಲ. ಅದರಲ್ಲಿ ‘ಕ’ಕ್ಕೆ ಪ್ರಪಂಚದ ಎಲ್ಲ ಯಂತ್ರಗಳಲ್ಲೂ ಒಂದೇ ಸಂಖ್ಯೆ. ನುಡಿಯಲ್ಲಿ ಯುನಿಕೋಡ್ ಆಯ್ಕೆ ಇದೆ, ಅದನ್ನು ಆರಿಸಿಕೊಂಡೇ ಟೈಪ್ ಮಾಡಿ. ಹಳೆಯ ಕಡತಗಳನ್ನು ಬದಲಾಯಿಸುವ ಪರಿವರ್ತಕಗಳೂ ಸಿಗುತ್ತವೆ. ಬದಲಾಯಿಸಿದ ಮೇಲೆ ರಕಾರದ ಒತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಹೆಚ್ಚಾಗಿ ತಪ್ಪುವುದು ಅಲ್ಲೇ.

ಮಕ್ಕಳಿಗೆ ನನಗಿಂತ ಜಾಸ್ತಿ ಗೊತ್ತು. ಅವರ ಮುಂದೆ ತಪ್ಪಿದರೆ ಮರ್ಯಾದೆ ಹೋಗುವುದಿಲ್ಲವಾ?

ಮಕ್ಕಳಿಗೆ ಗುಂಡಿಗಳು ಗೊತ್ತು. ಯಾವ ಗುಂಡಿ ಒತ್ತಿದರೆ ಏನು ತೆರೆಯುತ್ತದೆ ಅನ್ನುವುದು ಗೊತ್ತು. ತೆರೆದದ್ದು ನಿಜವೋ ಸುಳ್ಳೋ, ಪಾಠಕ್ಕೆ ಬೇಕೋ ಬೇಡವೋ ಗೊತ್ತಿಲ್ಲ. ಅದನ್ನು ನೀವೇ ಕಲಿಸಬೇಕು. ಗುಂಡಿಯ ವಿಷಯದಲ್ಲಿ ಅವರನ್ನೇ ಕೇಳಿ. “ಇದು ನನಗೆ ಬರ್ತಿಲ್ಲ, ನೀನು ತೋರಿಸು” ಅಂತ ಶಿಕ್ಷಕರೇ ಕೇಳಿದಾಗ ಹಿಂದಿನ ಬೆಂಚಿನ ಹುಡುಗ ಎದ್ದು ಬರುವ ಉಮೇದು ಬೇರೆಯೇ. ಗಣಿತದಲ್ಲಿ ಎಂದೂ ಕೈ ಎತ್ತದ ಹುಡುಗ ಹಾಗೆ ಬಂದು, ಆಮೇಲೆ ಲೆಕ್ಕಕ್ಕೂ ಕೈ ಎತ್ತಿದ್ದು ನನ್ನ ತರಗತಿಯಲ್ಲೇ ಆಗಿದೆ.

ಮೊಬೈಲ್ ಇದ್ದರೆ ಸಾಕಲ್ವಾ, ಕಂಪ್ಯೂಟರ್ ಯಾಕೆ?

ಹುಡುಕಲು, ಫೋಟೋ ತೆಗೆಯಲು, ದನಿ ಹಿಡಿಯಲು ಮೊಬೈಲ್ ಸಾಕು. ಕೂತು ಬರೆಯಲು, ಕೋಷ್ಟಕ ಮಾಡಲು, ನಾಲ್ಕು ಮಕ್ಕಳು ಒಟ್ಟಿಗೆ ನೋಡಿ ಚರ್ಚೆ ಮಾಡಲು ದೊಡ್ಡ ಪರದೆ, ಕೀಲಿಮಣೆ ಬೇಕು.

## ತರಗತಿಯ ಒಳಗೆ

ತರಬೇತಿ ಮುಗಿಸಿ ಬಂದೆ. ಮೊದಲ ಪಾಠ ಯಾವುದು ಮಾಡಲಿ?

ಸುಲಭವಾದ ಪಾಠ ಆರಿಸಬೇಡಿ. ವರ್ಷವೂ ನಿಮ್ಮನ್ನು ಕಾಡುವ ಪಾಠ ಆರಿಸಿ. ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಹೇಳಿದರೂ ಮಕ್ಕಳ ಕಣ್ಣಲ್ಲಿ ಬೆಳಕು ಬಾರದ ಒಂದು ಪಾಠ ಪ್ರತಿ ಶಿಕ್ಷಕರಿಗೂ ಇರುತ್ತದೆ. ಸುಲಭದ ಪಾಠವನ್ನು ಕಂಪ್ಯೂಟರಿನಲ್ಲಿ ಮಾಡಿದರೆ ಸುಮ್ನೆ ಸಮಯ ಜಾಸ್ತಿ ಹಿಡಿಯುತ್ತದೆ. “ಇದಕ್ಕಿಂತ ಹಲಗೆಯೇ ಚಲೋ ಇತ್ತು” ಅನ್ನಿಸುತ್ತದೆ, ಮತ್ತು ಅದು ಸರಿಯೇ.

ನನ್ನ ಮಟ್ಟಿಗೆ ಆ ಪಾಠ ವೃತ್ತ. ಅರ್ಧವೃತ್ತದಲ್ಲಿ ಏರ್ಪಡುವ ಕೋನ ಲಂಬಕೋನ ಅಂತ ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಚಿತ್ರ ಸ್ವಲ್ಪ ತಿರುಗಿಸಿ ಕೊಟ್ಟರೆ ತಡವರಿಸುತ್ತಿದ್ದರು. ಏಕೆಂದರೆ ಪುಸ್ತಕದಲ್ಲಿ, ಹಲಗೆಯಲ್ಲಿ, ಅವರು ಕಂಡದ್ದು ಒಂದೇ ಚಿತ್ರ. ಜಿಯೋಜೀಬ್ರಾ ಅನ್ನುವ ಉಚಿತ ತಂತ್ರಾಂಶವನ್ನು 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಶುರು ಮಾಡಿದರು. ಅದರಲ್ಲಿ ವೃತ್ತ, ವ್ಯಾಸ, ಪರಿಧಿಯ ಮೇಲೆ ಒಂದು ಬಿಂದು ಇಟ್ಟು ಕೋನ ಅಳೆಯಲು ಹಚ್ಚಿದೆ. ಬಿಂದು ಸರಿಸುವ ಮೊದಲು, ಕೋನ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಅಂತ ನೋಟ್‌ಬುಕ್ಕಿನಲ್ಲಿ ಬರೆಸಿದೆ. ಹೆಚ್ಚುತ್ತದೆ ಅಂತ ಮುಕ್ಕಾಲು ತರಗತಿ ಬರೆಯಿತು. ಆಮೇಲೆ ಸರಿಸಿದರು. “ಅಕ್ಕಾರ್ರೀ, ಎಲ್ಲಿ ಒಯ್ದ್ರೂ 90 ಐತ್ರೀ!” ಅಂತ ಒಬ್ಬಳು ಕೂಗಿದಳು.

ಅಲ್ಲಿಗೆ ಪಾಠ ಮುಗಿಯಲಿಲ್ಲ. ಬಿಂದು ಸರಿಸಿ ನೋಡಿದ್ದು ಗಣಿತದ ಸಾಧನೆ (ಪ್ರೂಫ್) ಆಗುವುದಿಲ್ಲ. “ಯಾಕೆ 90?” ಅಂತ ಕೇಳಿ ಕಂಪ್ಯೂಟರ್ ಮುಚ್ಚಿಸಿ ಹಲಗೆಗೆ ಬಂದೆ. ಕೇಂದ್ರದಿಂದ ಬಿಂದುವಿಗೆ ಗೆರೆ ಎಳೆದರೆ ಎರಡು ಸಮದ್ವಿಬಾಹು ತ್ರಿಭುಜ ಸಿಗುತ್ತವೆ, ಅಲ್ಲಿಂದ ಉತ್ತರ ಬರುತ್ತದೆ. ಆ ದಿನ ಸಾಧನೆಯನ್ನು ಮಕ್ಕಳೇ ಕೇಳಿದರು. ಅದಕ್ಕೆ ಮೊದಲು ನಾನೇ ಹೇರುತ್ತಿದ್ದೆ.

ಸ್ಮಾರ್ಟ್ ಕ್ಲಾಸ್ ವಿಡಿಯೋ ಹಚ್ಚಿದರ ಹುಡುಗರು ಗದ್ದಲ ಮಾಡದ ಕೂಡ್ತಾರ. ಮತ್ತೇನ ಬೇಕ್ರೀ?

ಸುಮ್ಮನೆ ಕೂತ ಮಾತ್ರಕ್ಕೆ ಕಲಿತರು ಅನ್ನಲು ಬರುವುದಿಲ್ಲ. 40 ನಿಮಿಷದ ಅವಧಿಯಲ್ಲಿ ವಿಡಿಯೋ ಐದಾರು ನಿಮಿಷ ಇರಲಿ. ಹಚ್ಚುವ ಮೊದಲು ಒಂದು ಪ್ರಶ್ನೆ ಹಲಗೆಯ ಮೇಲೆ ಬರೆಯಿರಿ, ನಡುವೆ ಎರಡು ಕಡೆ ನಿಲ್ಲಿಸಿ “ಮುಂದೇನಾಗಬಹುದು?” ಅಂತ ಕೇಳಿ. ದನಿ ತೆಗೆದು ಚಿತ್ರ ಮಾತ್ರ ಓಡಿಸಿ, ವಿವರಣೆಯನ್ನು ಮಕ್ಕಳಿಂದಲೇ ಹೇಳಿಸುವುದು ನನಗೆ ಬಹಳ ಇಷ್ಟ. ಪಠ್ಯಪುಸ್ತಕದ ಕ್ಯುಆರ್ ಕೋಡ್ ಹಿಡಿದರೆ ದೀಕ್ಷಾ ಅನ್ನುವ ಸರ್ಕಾರಿ ಕಲಿಕಾ ತಾಣದ ವಿಡಿಯೋ ತೆರೆಯುತ್ತದೆ. 2017ರಿಂದ ಇರುವ ಒಳ್ಳೆಯ ಸೌಲಭ್ಯ ಅದು. ಆದರೆ ಹಿಂದಿನ ದಿನ ನೀವು ಪೂರ್ತಿ ನೋಡಿರಬೇಕು. ಮಕ್ಕಳ ಜೊತೆಗೇ ಮೊದಲ ಸಲ ನೋಡಿದರೆ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದಿಲ್ಲ.

ವಿಜ್ಞಾನದ ಪ್ರಯೋಗವನ್ನು ಕಂಪ್ಯೂಟರಿನಲ್ಲೇ ತೋರಿಸಿದರೆ ಆಯ್ತಲ್ವಾ? ಸಾಮಾನು ಯಾರು ಹುಡುಕ್ತಾರೆ?

ಇದಕ್ಕೆ ನನ್ನ ಉತ್ತರ ಖಡಾಖಂಡಿತ: ಕೈಯಲ್ಲಿ ಮಾಡಬಹುದಾದದ್ದನ್ನು ಕೈಯಲ್ಲೇ ಮಾಡಿಸಿ. ಎರಡು ಸೆಲ್, ಎರಡು ಸಣ್ಣ ಬಲ್ಬು, ನಾಲ್ಕು ತುಂಡು ವೈರು ಯಾವ ಊರಿನಲ್ಲೂ ಸಿಗುತ್ತವೆ. ಬಲ್ಬು ಹತ್ತಿದ ಮೇಲೆ ಕಂಪ್ಯೂಟರಿಗೆ ಬನ್ನಿ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಫೆಟ್ ಅನ್ನುವ ಯೋಜನೆಯ ವಿದ್ಯುತ್ ಮಂಡಲದ ಮಾದರಿಯಲ್ಲಿ ವೈರಿನೊಳಗೆ ಎಲೆಕ್ಟ್ರಾನುಗಳು ಸಾಗುವುದು ಕಾಣುತ್ತದೆ. ಬಲ್ಬುಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದಾಗ ಯಾಕೆ ಬೆಳಕು ಮಂಕಾಯಿತು ಅನ್ನುವುದನ್ನು ಕೈಯಲ್ಲಿ ಮಾಡುವಾಗ ನೋಡಲು ಆಗುವುದಿಲ್ಲ, ಇಲ್ಲಿ ಆಗುತ್ತದೆ. ಅಲ್ಲಿನ ಹಲವು ಮಾದರಿಗಳು ಕನ್ನಡದಲ್ಲೂ ಇವೆ. ಕಣ್ಣಿಗೆ ಕಾಣದ್ದು, ಅಪಾಯದ್ದು, ವರ್ಷಗಟ್ಟಲೆ ಹಿಡಿಯುವಂಥದ್ದು ಇದ್ದರೆ ಕಂಪ್ಯೂಟರ್ ಬೇಕು.

ನಾನು ಕನ್ನಡ ಶಿಕ್ಷಕಿ. ನಮ್ಮ ಸಮಾಜ ವಿಜ್ಞಾನದ ಸರ್ ಕೂಡ ಇದನ್ನೇ ಕೇಳ್ತಾರೆ: ಇದೆಲ್ಲ ಗಣಿತ, ವಿಜ್ಞಾನದವರಿಗೆ ತಾನೆ?

ನಿಮ್ಮ ವಿಷಯಗಳಿಗೇ ನಮ್ಮ ಸೀಮೆಯಲ್ಲಿ ಸಾಮಗ್ರಿ ಜಾಸ್ತಿ. ಕನ್ನಡದಿಂದ ಶುರು ಮಾಡೋಣ. ಮಕ್ಕಳ ಅಜ್ಜಿಯರು ಬೀಸುವ ಪದ, ಸೋಬಾನೆ ಪದ ಹಾಡುತ್ತಾರೆ. ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಹಿಡಿದು ತರಲು ಹೇಳಿ. ಲ್ಯಾಬಿನಲ್ಲಿ ಆಡಾಸಿಟಿ ಅನ್ನುವ ಉಚಿತ ತಂತ್ರಾಂಶದಲ್ಲಿ ಬೇಡದ ಸದ್ದು ಕತ್ತರಿಸಿ, ಸಾಲು ಸಾಲಾಗಿ ಕೇಳಿ ಬರೆಯಲಿ. ಅಜ್ಜಿ ‘ಹೋಗಾಕ’ ಅಂದದ್ದನ್ನು ಹಾಗೇ ಬರೆಯಬೇಕೋ ‘ಹೋಗಲು’ ಅಂತ ಬರೆಯಬೇಕೋ ಅಂತ ಜಗಳ ಶುರುವಾಗುತ್ತದೆ. ಭಾಷೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗಬೇಕು? 1950ರಿಂದ ಧಾರವಾಡ ಆಕಾಶವಾಣಿ ಕೇಳಿ ಬೆಳೆದ ಸೀಮೆ ನಮ್ಮದು. 15 ನಿಮಿಷದ ‘ಶಾಲಾ ರೇಡಿಯೋ’ ಕಾರ್ಯಕ್ರಮವನ್ನು ಮಕ್ಕಳು ಬಹಳ ಚೆನ್ನಾಗಿ ಮಾಡುತ್ತಾರೆ.

ಸಮಾಜ ವಿಜ್ಞಾನಕ್ಕೆ ನಕ್ಷೆ. ಇಸ್ರೋದ ಭುವನ್, ಅಥವಾ ಗೂಗಲ್ ಅರ್ಥ್ ತೆರೆದು ವರದಾ ನದಿಯ ದಂಡೆ ಹಿಡಿದು ಸಾಗಿ. ಹಾವೇರಿ ತಾಲೂಕಿನ ಗಳಗನಾಥದ ಹತ್ತಿರ ಅದು ತುಂಗಭದ್ರೆಗೆ ಸೇರುವುದು ಮೇಲಿನಿಂದ ಕಾಣುತ್ತದೆ. ದೇವಸ್ಥಾನ ಅಲ್ಲೇ ಯಾಕೆ ಕಟ್ಟಿದರು ಅಂತ ಮಗುವೇ ಕೇಳುತ್ತದೆ. ಲಕ್ಕುಂಡಿಯಲ್ಲಿ ಗುಡಿ, ಬಾವಿಗಳನ್ನು ಗುರುತಿಸಿ ಊರಿನ ನಕ್ಷೆ ಮಾಡಿಸಬಹುದು. ಹುಬ್ಬಳ್ಳಿಯ ಮಕ್ಕಳಾದರೆ ರೈಲು ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮನ್ನು ನಕ್ಷೆಯ ಅಳತೆ ಪಟ್ಟಿಯಿಂದ ಅಳೆಯಲಿ. ಅದು 1507 ಮೀಟರ್ ಅಂತ ಕೊನೆಗೆ ಹೇಳಿ. ಒಬ್ಬರಿಗೆ 1480, ಇನ್ನೊಬ್ಬರಿಗೆ 1530 ಬಂದಿರುತ್ತದೆ. ಯಾರೂ ತಪ್ಪಲ್ಲ, ಅಳತೆ ಅಂದರೆ ಹೀಗೇ ಅಂತ ಹೇಳಲು ಅದೇ ಸರಿಯಾದ ಗಳಿಗೆ.

ಇನ್ನೊಂದು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಯಿತು. ಆ ಪಾಠ ಮಾಡುವಾಗ ಸ್ಪ್ರೆಡ್‌ಶೀಟ್ (ಲೆಕ್ಕದ ಕೋಷ್ಟಕ) ತೆರೆದು, ಸಾವಿರ ರೂಪಾಯಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿ, 3 ರೂಪಾಯಿ ಬಡ್ಡಿ ಹಾಕಿ ಐದು ವರ್ಷದ ಲೆಕ್ಕ ಮಾಡಿಸಿ. ಸಾಹುಕಾರನ ಸಾಲದಿಂದ ರೈತ ಯಾಕೆ ಮೇಲೇಳಲಿಲ್ಲ, ಸಂಘ ಯಾಕೆ ಬೇಕಾಯಿತು ಅನ್ನುವುದು ಅಂಕಿಗಳಲ್ಲೇ ಕಾಣುತ್ತದೆ. ಬ್ಯಾಡಗಿ ಕಡೆಯ ಶಾಲೆಗಳಲ್ಲಿ ಮೆಣಸಿನಕಾಯಿಯ ಮಾರುಕಟ್ಟೆ ದರವನ್ನು ಒಂದು ತಿಂಗಳು ಬರೆದಿಟ್ಟು ರೇಖಾಚಿತ್ರ ಮಾಡಿಸಬಹುದು. ಅಪ್ಪ ಯಾವ ದಿನ ಮಾರಿದ್ದರೆ ಚಲೋ ಇತ್ತು ಅಂತ ಮನೆಯಲ್ಲೂ ಮಾತಾಗುತ್ತದೆ.

60 ಮಕ್ಕಳಿದ್ದಾರೆ, ನಡೆಯುವ ಕಂಪ್ಯೂಟರ್ 9. ಹೇಗೆ ಮಾಡೋದು?

ತರಗತಿಯನ್ನು ಎರಡು ಭಾಗ ಮಾಡಿ. 30 ಮಕ್ಕಳು ಲ್ಯಾಬಿನಲ್ಲಿ, 30 ಮಕ್ಕಳು ಪಕ್ಕದಲ್ಲೇ ಅದೇ ವಿಷಯವನ್ನು ನೋಟ್‌ಬುಕ್ಕಿನಲ್ಲಿ, 20 ನಿಮಿಷಕ್ಕೆ ಅದಲುಬದಲು. ಒಂದು ಯಂತ್ರಕ್ಕೆ ಮೂವರು, ನಾಲ್ವರು ಬರುತ್ತಾರೆ. ಒಬ್ಬರು ಮೌಸ್ ಹಿಡಿಯಲಿ, ಒಬ್ಬರು ಏನು ಮಾಡಬೇಕೆಂದು ಹೇಳಲಿ, ಒಬ್ಬರು ಬರೆದುಕೊಳ್ಳಲಿ. ಆರೇಳು ನಿಮಿಷಕ್ಕೊಮ್ಮೆ ಕೆಲಸ ಬದಲಾಗಬೇಕು, ಅದಕ್ಕೆ ಗಂಟೆ ಬಾರಿಸಿ. ಮೌಸ್ ಹಿಡಿದವರು ತಮ್ಮಷ್ಟಕ್ಕೆ ಏನೂ ಮಾಡುವಂತಿಲ್ಲ, ಹೇಳಿದ್ದನ್ನು ಮಾತ್ರ ಮಾಡಬೇಕು ಅಂತ ನಿಯಮ ಇಟ್ಟರೆ ಮಕ್ಕಳು ಗಣಿತವನ್ನು ಬಾಯಲ್ಲಿ ಹೇಳಲು ಕಲಿಯುತ್ತಾರೆ. ಒಬ್ಬರಿಗೆ ಒಂದು ಕಂಪ್ಯೂಟರ್ ಇದ್ದರೆ ಈ ಮಾತುಕತೆಯೇ ಇರುತ್ತಿರಲಿಲ್ಲ.

ಹುಡುಗಿಯರು ಹಿಂದೆ ನಿಂತು ನೋಡ್ತಾರೆ, ಕರೆದರೂ ಮುಂದೆ ಬರೋದಿಲ್ಲ.

ಕರೆದರೆ ಸಾಲದು, ಕೂರಿಸಬೇಕು. ಹುಡುಗರ ಕೈಗೆ ಮನೆಯಲ್ಲಿ ಮೊಬೈಲ್ ಸಿಕ್ಕಷ್ಟು ಹುಡುಗಿಯರಿಗೆ ಸಿಕ್ಕಿರುವುದಿಲ್ಲ. ಆ ಅಂತರ ಲ್ಯಾಬಿನ ಬಾಗಿಲಲ್ಲಿ ತಾನಾಗಿ ಕರಗುವುದಿಲ್ಲ. ಶುರುವಿನ ಒಂದು ತಿಂಗಳು ಹುಡುಗಿಯರ ಗುಂಪಿಗೆ ಬೇರೆ ಯಂತ್ರಗಳನ್ನೇ ಕೊಡಿ. ಲ್ಯಾಬಿನ ಬೀಗದ ಕೈ ಇಟ್ಟುಕೊಳ್ಳುವ, ಯಂತ್ರ ಶುರು ಮಾಡುವ ಜವಾಬ್ದಾರಿಯನ್ನು ಇಬ್ಬರು ಹುಡುಗಿಯರಿಗೆ ವಹಿಸಿ. ತರಬೇತಿಯಲ್ಲೂ ಇದೇ ಆಗುತ್ತದೆ, ಗಮನಿಸಿ. ಶಿಕ್ಷಕಿಯರು ನೋಟ್ಸ್ ಬರೆದುಕೊಳ್ಳುತ್ತಿರುತ್ತಾರೆ, ಮೌಸ್ ಬೇರೆಯವರ ಕೈಯಲ್ಲಿರುತ್ತದೆ.

## ಕರೆಂಟು, ನೆಟ್ಟು, ಹಳೆಯ ಯಂತ್ರ

ಪಾಠದ ನಡುವೆ ಕರೆಂಟ್ ಹೋದರೆ?

ಕಂಪ್ಯೂಟರ್ ಪಾಠಕ್ಕೆ ಯಾವಾಗಲೂ ಒಂದು ಹಲಗೆಯ ಪಾಠ ಜೋಡಿಯಾಗಿ ತಯಾರಿರಲಿ. ಯುಪಿಎಸ್ ಇದ್ದರೆ ಅದನ್ನು ಅರ್ಧ ತಾಸು ಪಾಠ ಓಡಿಸಲು ನಂಬಬೇಡಿ, ಕೆಲಸ ಉಳಿಸಿ ಯಂತ್ರ ಸರಿಯಾಗಿ ಆಫ್ ಮಾಡಲು ಬಳಸಿ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ಮರೆತೇ ಹೆಚ್ಚಿನ ಯುಪಿಎಸ್‌ಗಳು ಸಾಯುತ್ತವೆ. ಇನ್ನೊಂದು ನಮ್ಮ ಕಡೆಯ ತೊಂದರೆ. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಬಿರುಕು ಬಿಟ್ಟಾಗ ಅರ್ತಿಂಗ್ ಸಡಿಲಾಗುತ್ತದೆ, ಯಂತ್ರ ಮುಟ್ಟಿದರೆ ಜುಮ್ ಅನ್ನುತ್ತದೆ. ಅರ್ತಿಂಗ್ ಗುಂಡಿಗೆ ಆಗಾಗ ನೀರು ಹಾಕಿಸಿ. ಜುಮ್ ಅಂದ ದಿನ ಮಕ್ಕಳನ್ನು ಒಳಗೆ ಬಿಡಬೇಡಿ, ಮೊದಲು ಎಲೆಕ್ಟ್ರಿಶಿಯನ್ ಕರೆಸಿ.

ನಮ್ಮ ಊರಲ್ಲಿ ನೆಟ್ ಹಿಡಿಯಂಗಿಲ್ಲ. ಆನ್‌ಲೈನ್ ಎಲ್ಲ ನಮಗಲ್ಲ.

ಮೇಲೆ ಹೇಳಿದ್ದರಲ್ಲಿ ಮುಕ್ಕಾಲು ಪಾಲಿಗೆ ನೆಟ್ ಬೇಡ. ಜಿಯೋಜೀಬ್ರಾ, ಆಡಾಸಿಟಿ, ಟಕ್ಸ್ ಪೇಂಟ್, ಬರಹ ಮತ್ತು ಕೋಷ್ಟಕಗಳ ಲಿಬ್ರೆಆಫೀಸ್ ಒಮ್ಮೆ ಹಾಕಿಕೊಂಡರೆ ಸಾಕು. ಫೆಟ್ ಮಾದರಿಗಳನ್ನು ಒಂದೊಂದು ಕಡತವಾಗಿ ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ಒಯ್ಯಬಹುದು. ಕಿವಿಕ್ಸ್ ಅನ್ನುವ ತಂತ್ರಾಂಶದಿಂದ ಇಡೀ ಕನ್ನಡ ವಿಕಿಪೀಡಿಯವನ್ನೇ ಇಳಿಸಿ ನೆಟ್ ಇಲ್ಲದೆ ಓದಬಹುದು. ಪೇಟೆಗೆ ಹೋದಾಗ ಇಳಿಸಿಕೊಳ್ಳುವ ಕೆಲಸವನ್ನು ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಒಬ್ಬ ಶಿಕ್ಷಕರು ಮಾಡಿದರೆ ಹತ್ತು ಶಾಲೆಗೆ ಆಗುತ್ತದೆ. ಪೆನ್ ಡ್ರೈವ್ ಶಾಲೆಯಿಂದ ಶಾಲೆಗೆ ಓಡಾಡುವಾಗ ವೈರಸ್ ಹೊತ್ತು ತರುತ್ತದೆ, ಜೋಪಾನ.

ನಾನು ಈ ಶಾಲೆಗೆ ಬಂದಾಗಿನಿಂದ ಲ್ಯಾಬಿಗೆ ಬೀಗ. ತೆಗೆದರೆ ಏನು ಕೆಟ್ಟಿದೆಯೋ ಅನ್ನೋ ಭಯ.

ತೆಗೆಯಿರಿ. ಮೊದಲು ಮುಖ್ಯ ಶಿಕ್ಷಕರ ಅನುಮತಿ, ಸ್ಟಾಕ್ ರಿಜಿಸ್ಟರ್, ಇಬ್ಬರು ಸಾಕ್ಷಿ. ಇದ್ದದ್ದನ್ನು ಇದ್ದಹಾಗೆ ಬರೆದುಕೊಂಡರೆ ನಿಮ್ಮ ಮೇಲೆ ಹೊರೆ ಬರುವುದಿಲ್ಲ. ಧೂಳು ಹೊಡೆದು, ಇಲಿ ಕಡಿದ ವೈರು ತೆಗೆದು, ಒಂದೊಂದೇ ಶುರು ಮಾಡಿ. ಬೀಪ್ ಅಂದು ಪರದೆ ಬಾರದಿದ್ದರೆ, ಪ್ಲಗ್ ಕಿತ್ತು, ರ‍್ಯಾಮ್ ಪಟ್ಟಿ ತೆಗೆದು ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಒರೆಸಿ ಕೂರಿಸಿ. ಬಹಳ ಸಲ ಅಷ್ಟೇ ಸಾಕಾಗುತ್ತದೆ. ಶುರುವಾಗಿಯೂ ಯಾವ ವೆಬ್‌ಸೈಟೂ ತೆರೆಯದಿದ್ದರೆ ದಿನಾಂಕ ನೋಡಿ. ಒಳಗಿನ ಬಿಲ್ಲೆ ಬ್ಯಾಟರಿ ಸತ್ತಾಗ ಯಂತ್ರ ಹಳೆಯ ವರ್ಷಕ್ಕೆ ಹೋಗುತ್ತದೆ, ಸುರಕ್ಷಿತ ವೆಬ್‌ಸೈಟುಗಳು ಅದನ್ನು ಒಪ್ಪುವುದಿಲ್ಲ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಭದ್ರತಾ ನೆರವು ನಿಂತಿದೆ. ಅಂಥ ಯಂತ್ರಗಳಿಗೆ ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಹಾಕಿಸಿದರೆ ಇನ್ನೂ ಕೆಲವು ವರ್ಷ ಬಾಳುತ್ತವೆ.

## ಇನ್ನೂ ಮುಂದೆ ಹೋದವರಿಗೆ

ನನ್ನ ತರಗತಿಯಲ್ಲಿ ಕಣ್ಣು ಕಾಣದ ಹುಡುಗನಿದ್ದಾನೆ. ಅವನಿಗೆ ಲ್ಯಾಬ್ ವೇಳೆ ಸುಮ್ಮನೆ ಕೂರಿಸೋದಾ?

ಖಂಡಿತ ಬೇಡ. ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ್ದೇ ಅನ್ನಿಸುತ್ತದೆ, ಆದರೆ ಎರಡು ವಾರದಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ಒಂದು ಷರತ್ತು: ಪಾಠ ಯುನಿಕೋಡಿನಲ್ಲಿರಬೇಕು. ಹಳೆಯ ಫಾಂಟಿನ ಕಡತವನ್ನು ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ನೀವು ಯಾವ ಫಾಂಟಿನಲ್ಲಿ ಟೈಪ್ ಮಾಡುತ್ತೀರಿ ಅನ್ನುವುದು ಈ ಹುಡುಗನಿಗೆ ಪಾಠ ಸಿಗುವುದೋ ಇಲ್ಲವೋ ಅನ್ನುವ ಪ್ರಶ್ನೆ. ಚಿತ್ರ ಹಾಕಿದಲ್ಲೆಲ್ಲ ಅದರಲ್ಲಿ ಏನಿದೆ ಅಂತ ಎರಡು ಸಾಲು ಬರೆಯಿರಿ.

ಎಐ ಬಳಸಿ ಪ್ರಶ್ನೆಪತ್ರಿಕೆ, ಪಾಠಯೋಜನೆ ಮಾಡಬಹುದಾ?

ಕರಡು ಮಾಡಿಸಬಹುದು, ಹಾಗೇ ಒಪ್ಪಿಕೊಳ್ಳಲು ಬರುವುದಿಲ್ಲ. ತರಬೇತಿಯಲ್ಲಿ ನಾನು ಮೊದಲು ಮಾಡಿಸುವುದು ಒಂದು ಪರೀಕ್ಷೆ: ನಿಮ್ಮ ಊರಿನ ಗುಡಿ, ಕೆರೆ, ಜಾತ್ರೆಯ ಬಗ್ಗೆ ಕೇಳಿ. ಅದು ಎಷ್ಟು ಧೈರ್ಯವಾಗಿ ತಪ್ಪು ಹೇಳುತ್ತದೆ ಅನ್ನುವುದು ನಿಮಗೆ ಅಲ್ಲೇ ತಿಳಿಯುತ್ತದೆ. ಊರಿನ ವಿಷಯದಲ್ಲಿ ಹೀಗೆ ತಪ್ಪುವುದು ನಿಮಗೆ ಗೊತ್ತಿಲ್ಲದ ವಿಷಯದಲ್ಲೂ ತಪ್ಪಬಹುದು ಅಲ್ವಾ? ಕನ್ನಡ ವಾಕ್ಯಗಳೂ ಹಲವು ಸಲ ಇಂಗ್ಲಿಷಿನಿಂದ ಇಳಿಸಿದಂತಿರುತ್ತವೆ, ಮಕ್ಕಳ ಬಾಯಿಗೆ ಬರುವಂತೆ ನೀವೇ ತಿದ್ದಬೇಕು. ಒಂದೇ ಲೆಕ್ಕವನ್ನು ಐದು ಬೇರೆ ಅಂಕಿಗಳಲ್ಲಿ ಮಾಡಿಕೊಡು ಅನ್ನುವಂಥ ಕೆಲಸಕ್ಕೆ ಅನುಕೂಲ. ಉತ್ತರಗಳನ್ನು ಮಾತ್ರ ಕೈಯಲ್ಲಿ ಮಾಡಿ ನೋಡಿ.

ಮಕ್ಕಳ ಹೆಸರು, ಫೋಟೋ, ಅಂಕಗಳನ್ನು ಆ್ಯಪ್‌ಗಳಲ್ಲಿ ಹಾಕಬಹುದಾ?

ಬೇಡ ಅನ್ನುವುದೇ ಮೊದಲ ಉತ್ತರ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಅದು 18 ವರ್ಷದೊಳಗಿನವರನ್ನು ಮಕ್ಕಳೆಂದೇ ಕಾಣುತ್ತದೆ, ಪೋಷಕರ ಒಪ್ಪಿಗೆಗೆ ಒತ್ತು ಕೊಡುತ್ತದೆ. ಪಾಠಕ್ಕೆ ಹೆಸರು ಬೇಕಿಲ್ಲದಿದ್ದರೆ ರೋಲ್ ನಂಬರ್ ಬಳಸಿ. ಎಂಟ್ರಿ ಮಾಡಿಸಲು ಶಾಲೆಯ ಪಾಸ್‌ವರ್ಡನ್ನು ಹೊರಗಿನ ಅಂಗಡಿಗೆ ಬರೆದುಕೊಡುವ ರೂಢಿ ಇದೆ. ಅದನ್ನು ಇಂದೇ ನಿಲ್ಲಿಸಿ.

ನಾನು ಧಾರವಾಡದಲ್ಲಿ ಬಿ.ಎಡ್ ಮಾಡ್ತಿದ್ದೇನೆ. ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪತ್ರಿಕೆ ಪಾಸಾದರೆ ತರಗತಿಗೆ ತಯಾರಾದಂತೆ ಅಲ್ವಾ?

ಪತ್ರಿಕೆ ಒಂದು ಬಾಗಿಲು. ಒಳಗೆ ಹೋಗಲು ಇನ್ನೊಂದು ಬೇಕು. ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ಒಂದು ಮಾತು ಹೇಳಿದರು: ವಿಷಯ ಗೊತ್ತಿರುವುದು ಬೇರೆ, ಕಲಿಸುವ ರೀತಿ ಗೊತ್ತಿರುವುದು ಬೇರೆ, ಈ ವಿಷಯವನ್ನು ಹೀಗೆ ಕಲಿಸಬೇಕು ಅನ್ನುವ ಮೂರನೆಯ ತಿಳಿವಳಿಕೆಯೇ ಶಿಕ್ಷಕರದ್ದು. ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಇದಕ್ಕೆ ತಂತ್ರಜ್ಞಾನವನ್ನೂ ಸೇರಿಸಿದರು. ಪರೀಕ್ಷೆಗೆ ಟಿಪ್ಯಾಕ್ ಅಂತ ಓದಿರುತ್ತೀರಿ, ಮೂರು ವೃತ್ತದ ಚಿತ್ರ ಬಿಡಿಸಿರುತ್ತೀರಿ. ಅಭ್ಯಾಸ ಪಾಠಕ್ಕೆ ಹೋದಾಗ ಅದನ್ನು ಹೀಗೆ ಕೇಳಿಕೊಳ್ಳಿ: ಭಿನ್ನರಾಶಿಯ ಕೂಡುವಿಕೆಯಲ್ಲಿ ಈ ಮಗು ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೆ ಕೂಡಿಸುತ್ತಿದೆ. ಈ ತಪ್ಪನ್ನು ಅದಕ್ಕೇ ಕಾಣುವಂತೆ ಮಾಡಲು ಪರದೆಯ ಮೇಲೆ ಏನಿಡಲಿ? ಅಥವಾ ಹರಿದು ತೋರಿಸಲು ಒಂದು ಜೋಳದ ಭಕ್ರಿಯೇ ಸಾಕೇ? ಭಕ್ರಿ ಸಾಕು ಅಂತ ತೀರ್ಮಾನಿಸುವ ಧೈರ್ಯವೂ ತಯಾರಿಯೇ.

ನನ್ನನ್ನ ಸಂಪನ್ಮೂಲ ವ್ಯಕ್ತಿ ಅಂತ ಹಾಕ್ಯಾರ. ಐದು ದಿನದ ತರಬೇತಿ ಹೆಂಗ ಜೋಡಸ್ಲಿ?

ಉದ್ಘಾಟನೆ ಅರ್ಧ ತಾಸಿನಲ್ಲಿ ಮುಗಿಸಿ. ಕಂಪ್ಯೂಟರಿನ ಇತಿಹಾಸ, ಭಾಗಗಳ ಹೆಸರು, ತಲೆಮಾರುಗಳು, ಎಲ್ಲ ಬಿಡಿ. ನಾನು ಹಿಂದೆ ಹೋದ ಒಂದು ತರಬೇತಿಯಲ್ಲಿ 40 ಶಿಕ್ಷಕರು ಎರಡು ದಿನ ಪ್ರೊಜೆಕ್ಟರ್ ನೋಡಿದೆವು. ಕೀಲಿಮಣೆ ಮುಟ್ಟಿದ್ದು ಮೂರನೆಯ ದಿನ ಮಧ್ಯಾಹ್ನ, ಅದೂ ಹತ್ತು ನಿಮಿಷ. ಮನೆಗೆ ಹೋಗುವಾಗ ಪ್ರಮಾಣಪತ್ರ ಇತ್ತು, ಕೈಗೆ ಏನೂ ಬಂದಿರಲಿಲ್ಲ. ಆ ಸಂಜೆಯ ಸಂಕಟ ನನಗಿನ್ನೂ ನೆನಪಿದೆ.

ಮೊದಲ ದಿನ ಮೊದಲ ಗಂಟೆಯಲ್ಲೇ ಎಲ್ಲರ ಕೈ ಕೀಲಿಮಣೆಯ ಮೇಲಿರಲಿ. ಬರುವಾಗಲೇ ತಮಗೆ ಕಷ್ಟವಾದ ಒಂದು ಪಾಠವನ್ನು ತರಲು ಹೇಳಿ ಪತ್ರ ಕಳಿಸಿ. ಎರಡು ದಿನ ಅಭ್ಯಾಸ, ಎರಡು ದಿನ ಆ ಪಾಠವನ್ನು ಕಟ್ಟುವುದು, ಕೊನೆಯ ದಿನ ಅದನ್ನು ನಿಜವಾದ ಮಕ್ಕಳ ಮುಂದೆ ಮಾಡುವುದು. ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಹತ್ತಿರದ ಶಾಲೆಯಿಂದ ಒಂದು ತರಗತಿಯ ಮಕ್ಕಳನ್ನು ಕರೆಸುವುದು ಕಷ್ಟವಲ್ಲ. ಕಲಿತವರು, ಏನೂ ಬಾರದವರು ಒಟ್ಟಿಗೆ ಬಂದರೆ ಜೋಡಿ ಮಾಡಿ. ಒಂದೇ ಶಾಲೆಯಿಂದ ಇಬ್ಬರನ್ನು ಕರೆಯಿರಿ, ಒಬ್ಬರೇ ಬಂದರೆ ವಾಪಸ್ಸು ಹೋಗಿ ಒಂಟಿಯಾಗುತ್ತಾರೆ.

ಐದು ದಿನಗಳಿಗಿಂತ ಮುಖ್ಯವಾದದ್ದು ಆರನೆಯ ದಿನದಿಂದ ಶುರುವಾಗುತ್ತದೆ. ಬ್ರೂಸ್ ಜಾಯ್ಸ್, ಬೆವರ್ಲಿ ಶವರ್ಸ್ ಅನ್ನುವ ಸಂಶೋಧಕರು 1980ರ ದಶಕದಲ್ಲೇ ಇದನ್ನು ಹೇಳಿದ್ದರು. ಭಾಷಣ, ಪ್ರದರ್ಶನ, ಅಭ್ಯಾಸ ಎಲ್ಲ ಆದ ಮೇಲೂ, ತರಗತಿಯಲ್ಲಿ ಜೊತೆಗೆ ನಿಂತು ನೆರವಾಗುವವರು ಇಲ್ಲದಿದ್ದರೆ ಕಲಿತದ್ದು ಪಾಠಕ್ಕೆ ಇಳಿಯುವುದು ಅಪರೂಪ. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಕಲಿಕೆ ಇರಬೇಕು ಅನ್ನುತ್ತದೆ. ಅದನ್ನೆಲ್ಲ ಒಂದೇ ವಾರದಲ್ಲಿ ಸುರಿಯುವ ಬದಲು, ತಿಂಗಳಿಗೊಂದು ಶನಿವಾರ ಕ್ಲಸ್ಟರಿನಲ್ಲಿ ಸೇರಿ, ಒಬ್ಬರು ಮಾಡಿದ ಪಾಠವನ್ನು ಹತ್ತು ಜನ ನೋಡಿ ಮಾತಾಡುವಂತೆ ಹಂಚಿ.

ತರಬೇತಿ ಫಲ ಕೊಟ್ಟಿತೋ ಇಲ್ಲವೋ ಹೇಗೆ ತಿಳಿಯೋದು?

ಕೊನೆಯ ದಿನದ ಅಭಿಪ್ರಾಯ ಪತ್ರದಿಂದ ತಿಳಿಯುವುದಿಲ್ಲ. ಅದರಲ್ಲಿ ಎಲ್ಲರೂ ಚೆನ್ನಾಗಿತ್ತು ಅಂತಲೇ ಬರೆಯುತ್ತಾರೆ, ಊಟವೂ ಚೆನ್ನಾಗಿದ್ದರೆ ಇನ್ನೂ ಒಳ್ಳೆಯದಾಗಿ ಬರೆಯುತ್ತಾರೆ. ನಾಲ್ಕೈದು ತಿಂಗಳ ನಂತರ ಶಾಲೆಗೆ ಹೋಗಿ ಲ್ಯಾಬಿನ ರಿಜಿಸ್ಟರ್ ತೆರೆಯಿರಿ. ಯಾವ ವಿಷಯದವರು, ಯಾವ ಪಾಠಕ್ಕೆ, ಎಷ್ಟು ಸಲ ಬಂದಿದ್ದಾರೆ? ಕಂಪ್ಯೂಟರ್ ಶಿಕ್ಷಕರ ಹೆಸರು ಮಾತ್ರ ಇದ್ದರೆ ನಮ್ಮ ಕೆಲಸ ಬಾಕಿ ಇದೆ ಅಂತ ಅರ್ಥ. ಆಮೇಲೆ ಒಂದು ಪಾಠದ ಹಿಂದಿನ ಬೆಂಚಿನಲ್ಲಿ ಕೂತು, ಮಕ್ಕಳು ಎಷ್ಟು ಪ್ರಶ್ನೆ ಕೇಳಿದರು ಅಂತ ಗೆರೆ ಎಳೆಯುತ್ತಾ ಹೋಗಿ. ಶಿಕ್ಷಕರ ಪ್ರಶ್ನೆಗಳನ್ನು ಎಣಿಸಬೇಡಿ. ತಪ್ಪು ಹುಡುಕಲು ಬಂದವರು ಅನ್ನಿಸದಂತೆ ಮೊದಲೇ ಫೋನ್ ಮಾಡಿ, ಶಿಕ್ಷಕರಿಗೆ ಬೇಕಾದ ದಿನವನ್ನೇ ಕೇಳಿ. ಜೂನಿನಲ್ಲಿ ತರಬೇತಿ ಕೊಟ್ಟಿದ್ದರೆ ನವೆಂಬರ್ ಒಳ್ಳೆಯ ಸಮಯ. ದಸರಾ ರಜೆ ಮುಗಿದಿರುತ್ತದೆ, ಎಸ್ಸೆಸ್ಸೆಲ್ಸಿಯ ಗಡಿಬಿಡಿ ಇನ್ನೂ ಏರಿರುವುದಿಲ್ಲ. ಚೀಲದಲ್ಲಿ ಒಂದು ಬಿಲ್ಲೆ ಬ್ಯಾಟರಿ, ಒಂದು ಪೆನ್ಸಿಲ್ ರಬ್ಬರ್ ಇಟ್ಟುಕೊಂಡು ಹೋಗಿ. ಕೆಟ್ಟು ನಿಂತ ಒಂದು ಯಂತ್ರವಾದರೂ ಅಲ್ಲಿರುತ್ತದೆ.